ಕೈಲಿವರಿನ ಗ್ರೀಸ್ ಗನ್: ಸ್ಟೇರಿಂಗ್ ಬಿಗಿಯಾಗಿದ್ದ ಹಳೆಯ ಕಾರಿಗೆ ಆರು ವರ್ಷ ಬಳಸಿದ ಮೇಲೆ

ಪವರ್ ಸ್ಟೇರಿಂಗ್ ಇಲ್ಲದ, ಮುಂಚಕ್ರಗಳು ಕಿಂಗ್ ಪಿನ್‌ಗಳ (ಚಕ್ರ ಎಡಬಲಕ್ಕೆ ಹೊರಳಲು ಕೀಲಾಗಿರುವ ಗಟ್ಟಿ ಗೂಟಗಳ) ಮೇಲೆ ತಿರುಗುವ ನನ್ನ ಹಳೆಯ ಕಾರಿಗಾಗಿ ಆರು ವರ್ಷಗಳ ಹಿಂದೆ ಈ ಗ್ರೀಸ್ ಗನ್ ಕೊಂಡುಕೊಂಡೆ. 400 ಗ್ರಾಂ ಗ್ರೀಸ್ ಹಿಡಿಯುವ ಕೊಳವೆ, ಕೈಯಿಂದ ಒತ್ತುವ ಲಿವರ್, ನಿಪ್ಪಲ್‌ಗೆ (ಕೀಲಿನೊಳಗೆ ಗ್ರೀಸ್ ನುಗ್ಗಿಸಲು ಇರುವ ಪುಟ್ಟ ಮೂತಿಗೆ) ಕಚ್ಚಿಕೊಳ್ಳುವ ಕಪ್ಲರ್ ಹಾಗೂ ಬಾಗುವ ಹೋಸ್ ಇದರಲ್ಲಿವೆ. ಆಗ ಕಾರಿನ ಸ್ಟೇರಿಂಗ್ ಎಷ್ಟು ಬಿಗಿಯಾಗಿತ್ತೆಂದರೆ, ತಿರುವು ದಾಟಿದ ಮೇಲೂ ಅದು ತಾನಾಗಿ ನೇರಕ್ಕೆ ಮರಳುತ್ತಿರಲಿಲ್ಲ. ಪ್ರತಿಸಲವೂ ನಾನೇ ಎಳೆದು ತರಬೇಕಾಗಿತ್ತು.

ಗನ್ ಕೈಗೆತ್ತಿಕೊಳ್ಳುವ ಮೊದಲು ಈ ಲಕ್ಷಣವನ್ನು ಗಮನಿಸಬೇಕು. ಭಾರವಾಗಿದ್ದರೂ ತಾನಾಗಿ ನೇರಕ್ಕೆ ಮರಳುವ ಸ್ಟೇರಿಂಗ್‌ನಲ್ಲಿ ಸಾಮಾನ್ಯವಾಗಿ ಟೈರಿನ ಗಾಳಿ ಕಡಿಮೆಯಿರುತ್ತದೆ, ಮೂಲ ಅಳತೆಗಿಂತ ಅಗಲವಾದ ಟೈರ್ ಹಾಕಿರುತ್ತಾರೆ, ಇಲ್ಲವೇ ಕ್ಯಾಸ್ಟರ್ ಕೋನ (ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಹೆಚ್ಚಾಗಿರುತ್ತದೆ. ಇವುಗಳಿಗೆ ಗ್ರೀಸ್ ಪರಿಹಾರವಲ್ಲ. ಮರಳದೆ ನಿಲ್ಲುವ ಸ್ಟೇರಿಂಗ್‌ನಲ್ಲಿ ಮಾತ್ರ ಯಾವುದೋ ಕೀಲು ಹಿಡಿದುಕೊಂಡಿದೆ ಎಂದು ಅನುಮಾನಿಸಬಹುದು. ನಾನು ಎರಡೂ ಮುಂಚಕ್ರಗಳನ್ನು ಜ್ಯಾಕಿನಿಂದ ಎತ್ತಿ, ಕಾರನ್ನು ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಸ್ಟೇರಿಂಗ್ ಬಾಕ್ಸನ್ನು (ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಗಳತ್ತ ದಾಟಿಸುವ ಹಲ್ಲುಗಳಿರುವ ಪೆಟ್ಟಿಗೆಯನ್ನು) ಚಕ್ರಗಳಿಗೆ ಜೋಡಿಸುವ ರಾಡನ್ನು ಬಿಚ್ಚಿದೆ. ಬಾಕ್ಸ್ ಒಂದೇ ಬೆರಳಿಗೆ ತಿರುಗಿತು. ಎರಡು ಚಕ್ರಗಳ ನಡುವಿನ ಟೈ ರಾಡನ್ನೂ ಬಿಚ್ಚಿ ನೋಡಿದಾಗ ಬಲಚಕ್ರ ಸುಮಾರಾಗಿ ಆಡಿತು, ಎಡಚಕ್ರವನ್ನು ಎರಡೂ ಕೈಯಲ್ಲಿ ನೂಕಬೇಕಾಯಿತು.

ಈ ಗನ್ನಿನ ನಿಜವಾದ ಬೆಲೆ ನನಗೆ ತಿಳಿದದ್ದು ಅಲ್ಲಿಯೇ. ಬಲಗಡೆಯ ಕಿಂಗ್ ಪಿನ್ನಿನ ನಿಪ್ಪಲ್‌ನಲ್ಲಿ ನಾಲ್ಕೈದು ಸಲ ಲಿವರ್ ಒತ್ತುವಷ್ಟರಲ್ಲಿ ಹಳೆಯ ಕಪ್ಪು ಗ್ರೀಸ್ ಕೀಲಿನ ಅಂಚಿನಿಂದ ಹೊರಬಂತು. ಎಡಗಡೆ ಎರಡನೆಯ ಒತ್ತಿಗೇ ಲಿವರ್ ಕಲ್ಲಿನಂತೆ ನಿಂತು, ಗ್ರೀಸ್ ಕಪ್ಲರ್‌ನ ಪಕ್ಕದಿಂದ ಸೋರತೊಡಗಿತು. ನಿಪ್ಪಲ್ ಬಿಚ್ಚಿ ಬರಿದೇ ಗನ್ನಿಗೆ ಸಿಕ್ಕಿಸಿ ಒತ್ತಿದಾಗ ಗ್ರೀಸ್ ಸರಾಗವಾಗಿ ಬಂದುದರಿಂದ, ಕಟ್ಟಿಕೊಂಡಿರುವುದು ಒಳಗಿನ ದಾರಿಯೇ ಎಂಬುದು ಖಚಿತವಾಯಿತು. ತೆಳುವಾದ ತಂತಿಯಿಂದ ಒಣಜೇಡಿಯಂತಿದ್ದ ಗ್ರೀಸನ್ನು ಕೆದಕಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ರಾತ್ರಿಯಿಡೀ ಹಾಗೆಯೇ ಬಿಟ್ಟೆ. ಮರುದಿನ ಚಕ್ರವನ್ನು ಅತ್ತಿತ್ತ ಆಡಿಸುತ್ತ ಒತ್ತಿದಾಗ ಮೊದಲು ತುಕ್ಕುಬಣ್ಣದ ನೀರು, ಆಮೇಲೆ ಶಾವಿಗೆಯಂತಹ ಗಟ್ಟಿ ಕಪ್ಪು ಎಳೆ, ಕೊನೆಗೆ ಹೊಸ ಗ್ರೀಸ್ ಹೊರಬಂತು. ಈ ಕೆಲಸವನ್ನು ಚಕ್ರ ಎತ್ತಿದ ಸ್ಥಿತಿಯಲ್ಲೇ ಮಾಡಬೇಕು. ಕಾರಿನ ಭಾರ ಕೂತಿದ್ದರೆ, ಗ್ರೀಸ್ ಹೆಚ್ಚು ಬೇಕಾದ ಒತ್ತಡದ ಮೇಲ್ಮೈಗಳ ನಡುವೆಯೇ ಅದು ನುಗ್ಗುವುದಿಲ್ಲ.

ಸ್ಟೇರಿಂಗ್ ಬಾಕ್ಸ್‌ಗೆ ಮಾತ್ರ ಈ ಗನ್ ಹಿಡಿಯಬೇಡಿ. ಎಣ್ಣೆಗಾಗಿ ರೂಪಿಸಿದ ಬಾಕ್ಸಿನಲ್ಲಿ ಗ್ರೀಸ್ ತುಂಬಿದರೆ ಹಲ್ಲುಗಳು ಅದರಲ್ಲಿ ಕಾಲುವೆ ಕೊರೆದುಕೊಂಡು ಒಣದಾಗಿಯೇ ಉಜ್ಜಾಡುತ್ತವೆ. ಎಣ್ಣೆ ಸೋರುತ್ತದೆಂದು ಗ್ರೀಸ್ ತುಂಬುವವರು ಬಹಳ. ಅಲ್ಲಿ ಬದಲಿಸಬೇಕಾದದ್ದು ಸೀಲ್. ಹಾಗೆಯೇ ಬಾಕ್ಸಿನ ಹಲ್ಲುಗಳ ನಡುವಿನ ಸಡಿಲ ಹೊಂದಿಸುವ ಅಡ್ಜಸ್ಟಿಂಗ್ ಸ್ಕ್ರೂವನ್ನು ಚಕ್ರಗಳು ನೇರವಾಗಿರುವಾಗ ಹೊಂದಿಸದೆ, ತಿರುಗಿಸಿಟ್ಟು ಬಿಗಿ ಮಾಡಿದರೆ ನಡುಭಾಗದಲ್ಲಿ ಸ್ಟೇರಿಂಗ್ ಹಿಡಿದುಕೊಳ್ಳುತ್ತದೆ.

ದೋಷಗಳೂ ಇವೆ. ಹೊಸ ಗ್ರೀಸ್ ತುಂಬಿದಾಗಲೆಲ್ಲ ಒಳಗೆ ಗಾಳಿ ಸಿಕ್ಕಿಕೊಂಡು ಲಿವರ್ ಪೊಳ್ಳಾಗಿ ಆಡುತ್ತದೆ. ತಲೆಭಾಗವನ್ನು ಒಂದೆರಡು ಸುತ್ತು ಸಡಿಲಿಸಿ ಗಾಳಿ ಬಿಡಬೇಕು. ಸ್ಪ್ರಿಂಗಿನ ಒತ್ತಡ ತೆಗೆಯದೆ ಇಟ್ಟರೆ ಗ್ರೀಸಿನ ಎಣ್ಣೆ ಬೇರ್ಪಟ್ಟು ತಳದಲ್ಲಿ ಸೋರುತ್ತದೆ. ನಾಲ್ಕನೆಯ ವರ್ಷ ಕಪ್ಲರ್‌ನ ಹಿಡಿತ ಸವೆದು ಬದಲಿಸಬೇಕಾಯಿತು. ಹೋಸ್ ಬಿರುಕು ಬಿಟ್ಟಿದ್ದರೆ ಬಳಸಲೇಬಾರದು: ಅಂತಹ ಒತ್ತಡದಲ್ಲಿ ಚಿಮ್ಮುವ ಗ್ರೀಸ್ ಚರ್ಮದೊಳಗೆ ನುಗ್ಗಬಲ್ಲದು, ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇಷ್ಟಿದ್ದರೂ ಮತ್ತೆ ಕೊಳ್ಳುವುದಾದರೆ ಇಂಥದ್ದನ್ನೇ ಕೊಳ್ಳುವೆ. ಕಪ್ಲರ್ ಮಾತ್ರ ಬೀಗದಂತೆ ಕಚ್ಚುವ ಬಗೆಯದ್ದನ್ನು ಆರಿಸುವೆ. ಈಗ 1,500 ಕಿಲೋಮೀಟರಿಗೊಮ್ಮೆ ಎರಡೂ ಕಡೆ ಗ್ರೀಸ್ ಹೊಡೆಯುತ್ತೇನೆ. ತಿರುವು ಮುಗಿದು ಕೈ ಸಡಿಲಿಸಿದರೆ ಸ್ಟೇರಿಂಗ್ ಅಂಗೈಯೊಳಗೇ ಜಾರುತ್ತ ನೇರಕ್ಕೆ ಬಂದು ನಿಲ್ಲುತ್ತದೆ.