ಓಮ, ಜೀರಿಗೆ, ಶುಂಠಿ, ಕೊತ್ತಂಬರಿ, ತ್ರಿಫಲ: ಯಾವ ತೊಂದರೆಗೆ ಯಾವ ಕಷಾಯ?

ಹೊಟ್ಟೆ ಸರಿಯಿಲ್ಲ ಎಂದರೆ ಸಾಕು, ಮನೆಯಲ್ಲಿ ಯಾರಾದರೂ ಒಬ್ಬರು "ಒಂದು ಲೋಟ ಕಷಾಯ ಕುಡಿ, ಸರಿಹೋಗುತ್ತೆ" ಎನ್ನುತ್ತಾರೆ. ಯಾವ ಕಷಾಯ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಮ್ಮನಿಗೆ ಜೀರಿಗೆ ಮೇಲೆ ನಂಬಿಕೆ, ಅತ್ತೆಗೆ ಓಮದ ಮೇಲೆ, ಪಕ್ಕದ ಮನೆಯವರಿಗೆ ಎಲ್ಲದಕ್ಕೂ ಶುಂಠಿ. ಕೆಲವು ವರ್ಷಗಳಿಂದ ನಾನು ಇವನ್ನು ಬೇರೆಬೇರೆಯಾಗಿ ಕುಡಿದು ನೋಡುತ್ತ ಬಂದಿದ್ದೇನೆ. ಒಂದು ಸಲಕ್ಕೆ ಒಂದೇ ಸಾಮಾನು, ಬೆಲ್ಲ, ಹಾಲು ಏನೂ ಸೇರಿಸದೆ. ಇವು ಒಂದಕ್ಕೊಂದು ಬದಲಿ ಅಲ್ಲವೇ ಅಲ್ಲ ಎಂಬುದು ನನಗೆ ಖಚಿತವಾಗಿದೆ. ಉಬ್ಬರಕ್ಕೆ ಒಳ್ಳೆಯದಾದದ್ದು ಎದೆಯುರಿಯನ್ನು ಹೆಚ್ಚಿಸಬಹುದು.

ಮೊದಲು ಓಮ. ಅವರೆಕಾಯಿ ಕಾಲದಲ್ಲಿ ನಮ್ಮ ಮನೆಯಲ್ಲಿ ವಾರಗಟ್ಟಲೆ ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು. ತಿನ್ನುವಾಗ ಗೊತ್ತಾಗುವುದಿಲ್ಲ, ಮೂರ್ನಾಲ್ಕು ತಾಸು ಕಳೆದ ಮೇಲೆ ಹೊಟ್ಟೆ ಬಿಗಿಯುತ್ತದೆ. ಕಾಳುಗಳಲ್ಲಿರುವ ಕೆಲವು ಬಗೆಯ ಸಕ್ಕರೆಯನ್ನು ನಮ್ಮ ಸಣ್ಣ ಕರುಳು ಜೀರ್ಣಿಸಲಾರದು. ಅದು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು ವಾಯುವಾಗುತ್ತದೆ. ಈ ಬಿಗಿತಕ್ಕೆ ನಾನು ಕುಡಿದವುಗಳಲ್ಲಿ ಓಮಕ್ಕೆ ಸಾಟಿಯಿಲ್ಲ. ಕುಡಿದು ಅರ್ಧ ಗಂಟೆಯೊಳಗೆ ತೇಗು ಬರುತ್ತದೆ, ವಾಯು ಸರಿಯುತ್ತದೆ, ಸೊಂಟದ ಪಟ್ಟಿ ಸಡಿಲವಾದ ಹಾಗೆ ಅನ್ನಿಸುತ್ತದೆ.

ಆದರೆ ಓಮವನ್ನು ಗಳಗಳ ಕುದಿಸಬಾರದು. ಅದರ ಘಾಟಿಗೆ ಮುಖ್ಯ ಕಾರಣ ಥೈಮಾಲ್ ಎಂಬ ಅಂಶ. ಅದು ಹಬೆಯ ಜೊತೆ ಹಾರಿಹೋಗುತ್ತದೆ. ಅಡುಗೆಮನೆ ತುಂಬ ಓಮದ ಪರಿಮಳ ಬಂದಿತೆಂದರೆ ಲೋಟದಲ್ಲಿ ಅಷ್ಟು ಕಡಿಮೆಯಾಯಿತು ಎಂದೇ ಲೆಕ್ಕ. ನಾನು ಅರ್ಧ ಚಮಚ ಓಮವನ್ನು ಕುಟ್ಟಾಣಿಯಲ್ಲಿ ಎರಡೇ ಏಟು ಜಜ್ಜಿ, ಲೋಟಕ್ಕೆ ಹಾಕಿ, ಕುದಿಯುವ ನೀರು ಸುರಿದು, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡುತ್ತೇನೆ. ತಟ್ಟೆ ತೆಗೆದಾಗ ಅದರ ಒಳಮೈಯಲ್ಲಿ ನಿಂತ ಹನಿಗಳನ್ನೂ ಲೋಟಕ್ಕೇ ಬಳಿದುಕೊಳ್ಳಬೇಕು, ಘಾಟು ಇರುವುದು ಅಲ್ಲಿಯೇ. ಮೊದಲ ಗುಟುಕಿಗೆ ನಾಲಿಗೆಯ ತುದಿ ಚುರುಗುಟ್ಟಿ ಸ್ವಲ್ಪ ಮರಗಟ್ಟುತ್ತದೆ. ಹಾಗಾದರೆ ಓಮ ಚೆನ್ನಾಗಿದೆ ಎಂದರ್ಥ.

ಹೀಗೆ ಬಿಸಿನೀರು ಸುರಿದು ಮುಚ್ಚಿಟ್ಟು ಮಾಡಿದ್ದನ್ನು ಆಯುರ್ವೇದದಲ್ಲಿ ಫಾಂಟ ಎನ್ನುತ್ತಾರೆ. ಸ್ವರಸ (ಹಿಂಡಿದ ರಸ), ಕಲ್ಕ (ಅರೆದ ಮುದ್ದೆ), ಕ್ವಾಥ (ಕುದಿಸಿ ಇಳಿಸಿದ್ದು), ಹಿಮ (ತಣ್ಣೀರಿನಲ್ಲಿ ನೆನೆಸಿದ್ದು), ಫಾಂಟ ಎಂದು ಔಷಧ ತಯಾರಿಯ ಐದು ಮೂಲ ವಿಧಾನಗಳಿವೆ. ನಾವು ಮನೆಯಲ್ಲಿ ಕಷಾಯ ಎನ್ನುವುದು ಹೆಚ್ಚಾಗಿ ಕ್ವಾಥವನ್ನೇ. ಒಂದು ಪಾಲು ತರಿತರಿಯಾಗಿ ಕುಟ್ಟಿದ ಔಷಧಕ್ಕೆ 16 ಪಾಲು ನೀರು ಹಾಕಿ, ಸಣ್ಣ ಉರಿಯಲ್ಲಿ, ಪಾತ್ರೆಯ ಬಾಯಿ ಮುಚ್ಚದೆ, ಎಂಟನೇ ಒಂದು ಪಾಲಿಗೆ ಇಳಿಸುವುದು ಶಾಸ್ತ್ರದ ಕ್ರಮ. ಬೇರು, ತೊಗಟೆ, ಗಟ್ಟಿ ಕಾಯಿಗಳಿಗೆ ಇದು ಬೇಕೇ ಬೇಕು. ಪರಿಮಳದ ಕಾಳುಗಳಿಗೆ ಮುಚ್ಚಿಟ್ಟ ಬಿಸಿನೀರೇ ಮೇಲು ಎಂಬುದು ನನ್ನ ಅನುಭವ. ಅದೇ ಓಮವನ್ನು ಎರಡೂ ರೀತಿ ಮಾಡಿ ಕುಡಿದರೆ ಸಾಕು, ಬೇರೆ ಪುರಾವೆ ಬೇಡ.

ಜೀರಿಗೆ ಓಮದಷ್ಟು ಜೋರಲ್ಲ. ಬಿಗಿದ ಹೊಟ್ಟೆಗೆ ಅದನ್ನು ಕುಡಿದು ಕಾದು ಕೂತರೆ ಬೇಸರವಾಗುತ್ತದೆ. ಆದರೆ ಮಧ್ಯಾಹ್ನದ ಊಟದ ನಂತರ ಬರುವ ಸಣ್ಣ ಭಾರ, ಮಂಕು, ಅರೆಬರೆ ತೇಗು, ಇದಕ್ಕೆ ಜೀರಿಗೆಯೇ ಹಿತ. ಬೇಸಿಗೆಯಲ್ಲಿ ಓಮ ಎರಡು ದಿನ ಸತತ ಕುಡಿದರೆ ನನಗೆ ಉಷ್ಣವಾಗುತ್ತದೆ. ಜೀರಿಗೆ ನೀರಿಗೆ ಆ ಕಾಟವಿಲ್ಲ. ಸೋಂಪಿನದೂ ಹೆಚ್ಚುಕಡಿಮೆ ಇದೇ ಗುಣ, ರುಚಿ ಮಾತ್ರ ಸಿಹಿ. ಮಕ್ಕಳು ಮುಖ ಸಿಂಡರಿಸದೆ ಕುಡಿಯುವುದು ಅದೊಂದನ್ನೇ.

ಶುಂಠಿಯ ವಿಷಯದಲ್ಲಿ ಜನ ಬಹಳ ಉದಾರಿಗಳು. ಹಸಿವೇ ಇಲ್ಲ, ಬಾಯಿ ಸಪ್ಪೆ, ಬಸ್ಸಿನಲ್ಲಿ ಘಾಟಿ ಹತ್ತುವಾಗ ಹೊಟ್ಟೆ ತೊಳಸುತ್ತದೆ ಅಂದರೆ ಶುಂಠಿಯ ಮುಂದೆ ಉಳಿದದ್ದೆಲ್ಲ ಸೋಲುತ್ತದೆ. ಊಟಕ್ಕೆ ಸ್ವಲ್ಪ ಮೊದಲು ನಾಲ್ಕು ಗುಟುಕು ಸಾಕು. ಒಣಶುಂಠಿ ಹಸಿಶುಂಠಿಗಿಂತ ಖಾರ, ಒಣಗುವಾಗ ಅದರಲ್ಲಿರುವ ಜಿಂಜೆರಾಲ್ ಎಂಬ ಖಾರದ ಅಂಶದ ಒಂದು ಭಾಗ ಇನ್ನೂ ಖಾರವಾದ ಶೋಗಾಲ್ ಆಗುತ್ತದೆ. ಆದ್ದರಿಂದ ಹಸಿಯದು ಒಂದಿಂಚು ಹಾಕುವ ಕಡೆ ಒಣಪುಡಿ ಕಾಲು ಚಮಚ ಮೀರದಿರಲಿ. ಎದೆಯುರಿ, ಹುಳಿತೇಗು ಇರುವವರು ಮಾತ್ರ ದಯವಿಟ್ಟು ಶುಂಠಿ, ಮೆಣಸು, ಹಿಪ್ಪಲಿಯ ಕಡೆ ಹೋಗಬೇಡಿ. ನನಗೆ ಹುಳಿತೇಗಿನ ದಿನ ಶುಂಠಿ ಕುಡಿದರೆ ಗಂಟಲವರೆಗೂ ಉರಿ. ಪುದೀನ ತಂಪು ಎಂದು ಕೊಡುವವರಿದ್ದಾರೆ. ಅದು ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲಿಸುವುದರಿಂದ ಹುಳಿ ಮೇಲೆ ಬರಲು ಇನ್ನಷ್ಟು ಅನುಕೂಲ ಮಾಡಿಕೊಡಬಹುದು.

ಉರಿಗೆ ನನಗೆ ಒಗ್ಗಿದ್ದು ಕೊತ್ತಂಬರಿ ಬೀಜದ ಹಿಮ. ಎರಡು ಚಮಚ ಬೀಜ ಜಜ್ಜಿ, ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿ ಕುಡಿಯುವುದು, ಒಲೆ ಹಚ್ಚುವ ಮಾತೇ ಇಲ್ಲ. ತಕ್ಷಣ ಏನೂ ಆಗುವುದಿಲ್ಲ, ಆದರೆ ಸತತವಾಗಿ ಕುಡಿದ ವಾರ ಉರಿ ಕಡಿಮೆ. ಅತಿಮಧುರ ಇದಕ್ಕಿಂತ ಬೇಗ ತಂಪು ಕೊಟ್ಟಿತು, ರುಚಿಯೂ ಚೆಂದ. ಆದರೂ ಅದನ್ನು ದಿನಾ ಕುಡಿಯಲು ನಾನು ಹೇಳಲಾರೆ. ಹೆಚ್ಚು ದಿನ ತೆಗೆದುಕೊಂಡರೆ ಅತಿಮಧುರ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಮಾತ್ರೆ ನುಂಗುವವರು, ಗರ್ಭಿಣಿಯರು ದೂರವಿರುವುದೇ ಕ್ಷೇಮ.

ಮಲೆನಾಡಿನ ಮನೆಗಳಲ್ಲಿ ಕೊಡುವ ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸಿನ ಹುರಿದ ಪುಡಿಯ ಕಷಾಯ ನನಗೆ ಪ್ರಾಣ. ಆದರೆ ಹಾಲು, ಬೆಲ್ಲ ಬಿದ್ದ ಮೇಲೆ ಅದು ಕಾಫಿಗೆ ಬದಲಿ, ಉಬ್ಬರಕ್ಕೆ ಮದ್ದಲ್ಲ. ಹಾಲು ಜೀರ್ಣವಾಗದವರಿಗೆ ಅದೇ ಇನ್ನಷ್ಟು ಉಬ್ಬರ ತರಬಹುದು.

ತ್ರಿಫಲದ್ದು ಬೇರೆಯೇ ದಾರಿ. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಮೂರೂ ಸಮಪಾಲು. ಕುಡಿದ ಗಳಿಗೆಯಲ್ಲಿ ಉಬ್ಬರಕ್ಕೆ ಏನೂ ಮಾಡುವುದಿಲ್ಲ. ಬಾಯೆಲ್ಲ ಒಗರು, ಹಲ್ಲಿಗೆ ಹತ್ತಿಕೊಂಡ ಹಾಗೆ. ಆದರೆ ನನ್ನ ಉಬ್ಬರಕ್ಕೆ ಎಷ್ಟೋ ಸಲ ಮೂಲ ಮಲಬದ್ಧತೆ. ಅಂಥ ದಿನಗಳಲ್ಲಿ ಓಮ ಎರಡು ಗಂಟೆಯ ಸಮಾಧಾನ ಕೊಟ್ಟರೆ, ರಾತ್ರಿ ಮಲಗುವ ಮುನ್ನ ಕುಡಿದ ತ್ರಿಫಲ ಮರುದಿನವನ್ನೇ ಹಗುರ ಮಾಡಿತು. ಅರ್ಧ ಚಮಚದಿಂದ ಶುರುಮಾಡಿ, ಹೆಚ್ಚಾದರೆ ಹೊಟ್ಟೆ ನುಲಿಯುತ್ತದೆ. ಭೇದಿ ಇರುವಾಗಂತೂ ಬೇಡ.

ಸೀಸೆಯಲ್ಲಿ ಸಿಗುವ, ಜೀರಿಗೆಯಿಂದ ಮಾಡಿದ ಆಯುರ್ವೇದ ಔಷಧ ಜೀರಕಾರಿಷ್ಟ ಪ್ರಯಾಣಕ್ಕೆ ಅನುಕೂಲ. ಊಟದ ನಂತರ ಸಮ ನೀರು ಬೆರೆಸಿ ಕುಡಿದರೆ ಆಯಿತು. ಕೆಲಸವೂ ಮಾಡುತ್ತದೆ. ಆದರೆ ಅರಿಷ್ಟಗಳು ಹುದುಗಿಸಿ ಮಾಡಿದವು, ಬೆಲ್ಲ ಇರುತ್ತದೆ, ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಸಕ್ಕರೆ ಕಾಯಿಲೆಯವರು ಲೇಬಲ್ ಓದದೆ ಮುಟ್ಟಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಎದೆ ಹಿಡಿದು ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಗ್ಯಾಸ್ ಎಂದುಕೊಂಡು ಓಮ ಜಜ್ಜುತ್ತ ನಿಲ್ಲಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಯಾವ ಕಷಾಯವೂ ಬೇಡ, ವೈದ್ಯರಿಗೆ ತೋರಿಸಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಶುಂಠಿ ಹೆಚ್ಚಿಸುವ ಮೊದಲೂ ಕೇಳಬೇಕು.

ಸಾಮಾನು ಕೊಳ್ಳುವಾಗ ಗ್ರಂಥಿಗೆ ಅಂಗಡಿಯಲ್ಲಿ ಇಡೀ ಕಾಳನ್ನೇ ಕೇಳಿ, ಪುಡಿ ಬೇಡ. ಓಮದ ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಮೂಗಿಗೆ ಹೊಡೆಯದಿದ್ದರೆ ಪೊಟ್ಟಣ ವಾಪಸ್ ಕೊಟ್ಟುಬಿಡಿ.