ಅಡಿಕೆ ತೋಟದ ಸಮೀಕ್ಷೆಯಲ್ಲಿ ಓ.ಡಿ.ಕೆ. ಕಲೆಕ್ಟ್

ತೋಟಗಳ ಸಮೀಕ್ಷೆಗೆ ನಾನು ಬಳಸುವ ಓ.ಡಿ.ಕೆ. ಕಲೆಕ್ಟ್, ಅಂದರೆ ಫೋನಿನಲ್ಲಿ ಫಾರಂ ತುಂಬಿ ಮಾಹಿತಿ ಸಂಗ್ರಹಿಸುವ ಆ್ಯಪ್, ಸ್ಥಳ ದಾಖಲಿಸುವಾಗ ನಿಖರತೆಯನ್ನು ಮೀಟರುಗಳಲ್ಲಿ ತೋರಿಸುತ್ತದೆ. ಫಾರಂ ರೂಪಿಸಿದವರು ಬೇರೆ ಮಿತಿ ಕೊಡದಿದ್ದರೆ, ಆ ಅಂಕಿ 5 ಮೀಟರಿಗೆ ಇಳಿದೊಡನೆ ಆ್ಯಪ್ ಬಿಂದುವನ್ನು ತಾನೇ ಉಳಿಸಿಕೊಳ್ಳುತ್ತದೆ. ದಟ್ಟ ಅಡಿಕೆ ಮರಗಳ ಕೆಳಗೆ ಅಂಕಿ 20ರ ಆಸುಪಾಸಿನಲ್ಲೇ ನಿಂತಾಗ ಆ್ಯಪನ್ನು ದೂರುವುದು ನ್ಯಾಯವಲ್ಲ, ಏಕೆಂದರೆ ಸ್ಥಳವನ್ನು ಲೆಕ್ಕಹಾಕುವುದು ಫೋನು. ನಿಖರ ಸ್ಥಳದ ಅನುಮತಿ ಕೊಟ್ಟು, ಬ್ಯಾಟರಿ ಉಳಿತಾಯವನ್ನು ನಿಲ್ಲಿಸಿ, ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ಕಾದರೆ ಅಂಕಿ ಸಾಮಾನ್ಯವಾಗಿ ಇಳಿಯುತ್ತದೆ. ನೆಟ್‌ವರ್ಕ್ ಇಲ್ಲದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಆಂಡ್ರಾಯ್ಡ್ ತೋರಿಸುವ 5 ಮೀಟರ್ ಎಂದರೆ, ನಿಜವಾದ ಸ್ಥಳ ದಾಖಲಾದ ಬಿಂದುವಿನ ಸುತ್ತಲಿನ 5 ಮೀಟರ್ ತ್ರಿಜ್ಯದ ವೃತ್ತದೊಳಗಿರುವ ಸಾಧ್ಯತೆ ಸುಮಾರು ಶೇ. 68 ಮಾತ್ರ. ಮರ, ಬಾವಿಗಳ ಸಮೀಕ್ಷೆಗೆ ಈ ಆ್ಯಪನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಜಮೀನಿನ ಗಡಿ ಗುರುತಿಸಲು ಮಾತ್ರ ಖಂಡಿತ ಬೇಡ.