ಡಬ್ಬಿ ಮೇಲಿನ ವ್ಯಾಟ್ ನಂಬಿ 63,600 ರೂಪಾಯಿ ಮಾಲು ಇಳಿಸಿಕೊಂಡೆ, ನೀವು ಇಳಿಸಿಕೊಳ್ಳಬೇಡಿ

ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ಹತ್ತಿರ ನನ್ನದೊಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿ. ಹದಿನಾರು ವರ್ಷದಿಂದ ಡೈನಮೋ, ಸೆಲ್ಫ್, ವೈರಿಂಗ್, ಇದೇ ಕೆಲಸ. ಇಷ್ಟು ವರ್ಷ ಮೀಟರ್ ಹಿಡಿದವನು ಹೀಗೆ ಮೋಸ ಹೋಗಬಾರದಿತ್ತು. ಹೋದೆ. ನಮ್ಮ ಕಸುಬಿನವರು ಯಾರಾದರೂ ಎಲ್‌ಇಡಿ ಮಾಲು ತುಂಬುವ ಯೋಚನೆಯಲ್ಲಿದ್ದರೆ ಇದನ್ನು ಓದಿ ಆಮೇಲೆ ದುಡ್ಡು ಬಿಚ್ಚಿ.

ಹೋದ ವರ್ಷ ದೀಪಾವಳಿ ಮುಗಿದ ವಾರ. ಕಬ್ಬಿನ ಗಾಡಿಗಳು ರೋಡಿಗೆ ಬೀಳುವ ಹೊತ್ತು, ಅದರ ಬೆನ್ನಿಗೇ ತೊಗರಿ ಲೋಡು. ರಾತ್ರಿ ಓಡುವ ಟ್ರ್ಯಾಕ್ಟರ್, ಲಾರಿ ಎಲ್ಲಕ್ಕೂ ಲೈಟು ಬೇಕೇ ಬೇಕು. ಆಗ ಬಂದ ಒಬ್ಬ ಸೇಲ್ಸ್‌ಮನ್. ಹೊರಗಿನವನು, ಒಳ್ಳೆ ಮಾತುಗಾರ. ಕೌಂಟರ್ ಮೇಲಿದ್ದ ಬ್ಯಾಟರಿಗೆ ಹೆಡ್‌ಲೈಟಿಗೆ ಹಾಕುವ ಒಂದು ಎಚ್4 ಎಲ್‌ಇಡಿ ಬಲ್ಬ್ ಹಿಡಿದು ತೋರಿಸಿದ. ಎದುರಿನ ಗೋಡೆ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಡಬ್ಬಿ ಮೇಲೆ ಜೋಡಿಗೆ 200 ವ್ಯಾಟ್, 20,000 ಲ್ಯೂಮೆನ್ (ಬೆಳಕಿನ ಅಳತೆ). ನಮ್ಮ ಹುಡುಗ ಬಾಯಿ ಬಿಟ್ಟು ನಿಂತಿದ್ದ. ನಿಜ ಹೇಳಬೇಕಂದ್ರೆ ನಾನೂ ನಿಂತಿದ್ದೆ.

ಬಲ್ಬ್ 60 ಜೋಡಿ, ಜೋಡಿಗೆ 650ರಂತೆ 39,000. ಚೌಕದ ವರ್ಕ್ ಲೈಟು 80, ತಲಾ 220ರಂತೆ 17,600. ಇಂಡಿಕೇಟರ್ ಎಲ್‌ಇಡಿ 200 ಪೀಸು, 35ರಂತೆ 7,000. ಬಿಲ್ಲು ಬೇಕಾದರೆ ರೇಟು ಬೇರೆ ಎಂದ. ಬಿಲ್ಲಿಲ್ಲದೆ ಕೊಡು ಎಂದೆ. ವಾರಂಟಿ? "ಒಂದು ವರ್ಷ, ನಾನಿದ್ದೀನಲ್ಲ ಅಣ್ಣಾ" ಎಂದ. ಅಲ್ಲಿಗೆ ಮುಗಿಯಿತು.

ಮೊದಲ ದೂರು ಬಂದದ್ದು ಒಬ್ಬ ಗೂಡ್ಸ್ ಗಾಡಿ ಹುಡುಗನಿಂದ. ರಾತ್ರಿ ಜೇವರ್ಗಿಗೆ ತರಕಾರಿ ಹೊಡೆಯುವವನು. "ಉಸ್ತಾದ್, ಏನ್ ಹಚ್ಚಿರಿ ಇದು? ಎದುರ ಬರೋರೆಲ್ಲ ಬೈಲತ್ತಾರ. ನನಗಂತೂ ಸಾಮನೆ ರೋಡ್ ಕಾಣವಲ್ದು." ನನಗೆ ಅರ್ಥವಾಗಲಿಲ್ಲ. ಇಷ್ಟು ಬೆಳ್ಳಗೆ ಉರಿಯುತ್ತಿದೆ, ರೋಡ್ ಕಾಣುವುದಿಲ್ಲ ಅಂದ್ರೆ ಹೇಗೆ?

ಆ ಸಂಜೆ ಕತ್ತಲಾದ ಮೇಲೆ ಗಾಡಿಯನ್ನು ಕಂಪೌಂಡ್ ಗೋಡೆಗೆ ಇಪ್ಪತ್ತೈದು ಅಡಿ ದೂರದಲ್ಲಿ ನಿಲ್ಲಿಸಿದೆ. ಒಂದು ಕಡೆ ಹಳೆ ಹ್ಯಾಲೊಜೆನ್ (ಒಳಗಿನ ತಂತಿ, ಅಂದ್ರೆ ಫಿಲಮೆಂಟ್, ಕಾದು ಉರಿಯುವ ಬಲ್ಬ್), ಇನ್ನೊಂದು ಕಡೆ ಈ ಎಲ್‌ಇಡಿ. ಡಿಪ್ಪರ್, ಅಂದ್ರೆ ಬೆಳಕು ಕೆಳಗೆ ಬೀಳುವ ಲೋ ಬೀಮ್, ಹಾಕಿದೆ. ಹ್ಯಾಲೊಜೆನ್ ಕಡೆ ಗೋಡೆ ಮೇಲೆ ಗೆರೆ ಎಳೆದ ಹಾಗೆ, ಮೇಲೆ ಕತ್ತಲು, ಕೆಳಗೆ ಬೆಳಕು. ಎಲ್‌ಇಡಿ ಕಡೆ ಗೆರೆಯೇ ಇಲ್ಲ. ಬೆಳಕು ಮೊಸರು ಚೆಲ್ಲಿದ ಹಾಗೆ ಮೇಲಕ್ಕೆ ಕೆಳಕ್ಕೆ ಹರಡಿತ್ತು, ಪಕ್ಕದ ಬೇವಿನ ಮರದ ತುದಿಯವರೆಗೂ.

ಕಾರಣ ಬಲ್ಬ್ ಬಿಚ್ಚಿ ಕೈಯಲ್ಲಿ ಹಿಡಿದರೇ ಕಾಣುತ್ತದೆ. ಎಚ್4 ಹ್ಯಾಲೊಜೆನ್‌ನಲ್ಲಿ ಡಿಪ್ಪರ್ ಫಿಲಮೆಂಟ್ ಕೆಳಗೆ ಒಂದು ಸಣ್ಣ ತಗಡಿನ ಬಟ್ಟಲು ಇರುತ್ತದೆ. ಅದು ಕೆಳಗಿನ ಬೆಳಕನ್ನು ತಡೆದು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿಡುತ್ತದೆ. ಫಿಲಮೆಂಟ್ ಎಲ್ಲಿರಬೇಕೋ ಅಲ್ಲೇ ಇದ್ದರೆ ಮಾತ್ರ ಫೋಕಸ್. ಎಲ್‌ಇಡಿ ಬಲ್ಬಿನ ಚಿಪ್ ಆ ಫಿಲಮೆಂಟಿನ ಜಾಗದಲ್ಲೇ ಇರಬೇಕು, ಅಷ್ಟೇ ತೆಳ್ಳಗಿರಬೇಕು, ಎಡಕ್ಕೆ ಬಲಕ್ಕೆ ಮುಖ ಮಾಡಿರಬೇಕು. ನನ್ನ ಮಾಲಿನಲ್ಲಿ ಚಿಪ್ ಎರಡು ಮಿಲಿಮೀಟರ್ ಹಿಂದೆ ಕೂತಿತ್ತು. ಮಧ್ಯದ ಪಟ್ಟಿಯೂ ದಪ್ಪ. ಎರಡು ಮಿಲಿಮೀಟರ್ ಏನು ಮಹಾ ಎಂದುಕೊಳ್ಳಬೇಡಿ. ಬೆಳಕೆಲ್ಲ ಎದುರಿನವನ ಕಣ್ಣಿಗೆ, ನಮ್ಮ ರೋಡಿಗೆ ಏನೂ ಇಲ್ಲ.

ಆಗ ತಲೆ ಓಡಿತು, ಮೀಟರ್ ಹಿಡಿದೆ. ಮೊದಲೇ ಹಿಡಿಯಬೇಕಿತ್ತು. 13.6 ವೋಲ್ಟಿಗೆ ಒಂದು ಬಲ್ಬ್ ಎಳೆದದ್ದು 1.6 ಆಂಪಿಯರ್. ಅಂದ್ರೆ 22 ವ್ಯಾಟ್ ಹತ್ತಿರ. ಹದಿನೈದು ನಿಮಿಷ ಹಾಗೇ ಬಿಟ್ಟು ಮತ್ತೆ ನೋಡಿದೆ, 1.1 ಆಂಪಿಯರ್. 15 ವ್ಯಾಟ್! ಬಿಸಿ ಏರಿದ ಹಾಗೆ ತಾನೇ ಇಳಿದುಕೊಂಡಿತ್ತು. ಸೇಲ್ಸ್‌ಮನ್ ತೋರಿಸಿದ್ದು ತಣ್ಣಗಿನ ಬಲ್ಬಿನ ಮೊದಲ ಅರ್ಧ ನಿಮಿಷ. ಜೋಡಿಗೆ 200 ವ್ಯಾಟ್ ಅಂದ್ರೆ ಹತ್ತಿರ ಹತ್ತಿರ 15 ಆಂಪಿಯರ್ ಆಗಬೇಕು. ಎಷ್ಟೋ ಗಾಡಿಗಳಲ್ಲಿ ಅಷ್ಟಕ್ಕೆ ಫ್ಯೂಸೇ ನಿಲ್ಲುವುದಿಲ್ಲ. ಇದು ಮೂರನೇ ಕ್ಲಾಸಿನ ಗುಣಾಕಾರ, ಅದನ್ನೇ ಮಾಡಲಿಲ್ಲ ನಾನು. ಲ್ಯೂಮೆನ್ ಲೆಕ್ಕವೂ ಹಾಗೇ. ಒಳ್ಳೆ ಎಲ್‌ಇಡಿ ಒಂದು ವ್ಯಾಟಿಗೆ ನೂರರಿಂದ ನೂರೈವತ್ತು ಲ್ಯೂಮೆನ್ ಕೊಡುತ್ತದೆ. ಜೋಡಿ ಸೇರಿ 44 ವ್ಯಾಟಿನಲ್ಲಿ 20,000 ಎಲ್ಲಿಂದ ಬರಬೇಕು?

ಬೇಸಿಗೆ ಬಂದ ಮೇಲೆ ಬಲ್ಬುಗಳು ಸಾಯಲು ಶುರುವಾದವು. ನಮ್ಮೂರ ಬಿಸಿಲು ಗೊತ್ತಲ್ಲ, 43 ಡಿಗ್ರಿ ಏನು ಹೊಸದಲ್ಲ. ಹ್ಯಾಲೊಜೆನ್ ಬಿಸಿಯನ್ನು ಮುಂದಕ್ಕೆ ಗಾಜಿನ ಕಡೆ ತಳ್ಳುತ್ತದೆ. ಎಲ್‌ಇಡಿಯ ಬಿಸಿ ಹಿಂದಕ್ಕೆ, ಬುಡಕ್ಕೆ ಬರುತ್ತದೆ. ಅಲ್ಲಿ ರಬ್ಬರ್ ಟೋಪಿ ಮುಚ್ಚಿರುತ್ತದೆ, ಆ ಕಡೆ ಇಂಜಿನ್. ಸೇಡಂ ಕಡೆ ಸಿಮೆಂಟ್ ಹೊಡೆಯುವ ಗಾಡಿಯಿಂದ ಬಂದ ಒಂದು ಬಲ್ಬ್ ಬಿಚ್ಚಿದೆ. ಹಿಂದಿನ ಫ್ಯಾನು ರೂಪಾಯಿ ಬಿಲ್ಲೆಯಷ್ಟು. ರೆಕ್ಕೆ ಸಂದಿಯಲ್ಲಿ ಧೂಳು ಮತ್ತು ಎಣ್ಣೆ ಸೇರಿ ಲಪ್ಪದ ಹಾಗೆ ಗಟ್ಟಿಯಾಗಿತ್ತು. ಸೂಜಿಯಲ್ಲಿ ಕೆದರಿದರೂ ತಿರುಗಲಿಲ್ಲ. ಫ್ಯಾನು ನಿಂತಿತು, ಚಿಪ್ ಸುಟ್ಟಿತು, ಅಷ್ಟೇ ಕಥೆ.

ವರ್ಕ್ ಲೈಟಿನದು ಇನ್ನೊಂದು ಗೋಳು. ಅದರ ಮೇಲೆ 12-24 ವೋಲ್ಟ್ ಎಂದು ಬರೆದಿತ್ತು. ಲಾರಿಗೆ 24 ಅಲ್ವಾ, ಸರಿ ಎಂದು ಹಾಕಿದೆ. ಆದರೆ ಇಂಜಿನ್ ಓಡುವಾಗ ಲಾರಿಯಲ್ಲಿ 28ರ ಸುಮಾರು ಇರುತ್ತದೆ, ಬ್ಯಾಟರಿ ಟರ್ಮಿನಲ್ ಸಡಿಲವಿದ್ದರೆ ಇನ್ನೂ ಮೇಲೆ ಹಾರುತ್ತದೆ. ಟ್ರ್ಯಾಕ್ಟರಿಗೆ ಹಾಕಿದವು ಅಷ್ಟೋ ಇಷ್ಟೋ ಬಾಳಿದವು, ಲಾರಿಗೆ ಹಾಕಿದವು ತಿಂಗಳೊಳಗೆ ಹೋದವು. ಈಗ ನಾನು ಲಾರಿಗೆ 9-32 ವೋಲ್ಟ್ ಎಂದು ಬರೆದದ್ದು ಬಿಟ್ಟು ಬೇರೆ ಮುಟ್ಟುವುದಿಲ್ಲ. ಅದನ್ನೂ ಮೀಟರ್ ಹಚ್ಚಿ ನೋಡಿದ ಮೇಲೆಯೇ.

ನೀರಿನ ಟೆಸ್ಟು ಒಂದನ್ನು ಕಡ್ಡಾಯ ಮಾಡಿ. ಐಪಿ67 ಎಂದು ಎಲ್ಲರೂ ಬರೆಯುತ್ತಾರೆ. ಧೂಳು ಒಳಗೆ ಹೋಗಬಾರದು, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇಟ್ಟರೂ ನೀರು ಹೋಗಬಾರದು ಅಂತ ಅದರ ಅರ್ಥ. ನಾನು ಲೈಟನ್ನು ಇಪ್ಪತ್ತು ನಿಮಿಷ ಉರಿಸಿ, ಚೆನ್ನಾಗಿ ಬಿಸಿಯಾದ ಮೇಲೆ ಸೀದಾ ಬಕೆಟ್ ನೀರಿಗೆ ಬಿಡುತ್ತೇನೆ. ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಉರಿಸಿಕೊಂಡು ಬಂದ ಲಾರಿಯನ್ನು ವಾಷಿಂಗಿಗೆ ಬಿಟ್ಟಾಗ ಆಗುವುದೂ ಇದೇ. ನನ್ನ ಹತ್ತಿರ ಉಳಿದಿದ್ದರಲ್ಲಿ ಐದು ಹೀಗೆ ಮಾಡಿದೆ. ಬೆಳಿಗ್ಗೆ ನೋಡಿದರೆ ಐದರಲ್ಲಿ ನಾಲ್ಕು ಲೈಟಿನ ಗಾಜಿನೊಳಗೆ ಬೆವರು.

ಇಂಡಿಕೇಟರಿನಲ್ಲಿ ತಪ್ಪು ಪೂರ್ತಿ ನನ್ನದೇ, ಸೇಲ್ಸ್‌ಮನ್ ಮೇಲೆ ಹಾಕುವುದಿಲ್ಲ. 21 ವ್ಯಾಟಿನ ಬಲ್ಬ್ ತೆಗೆದು ಎರಡು ಮೂರು ವ್ಯಾಟಿನ ಎಲ್‌ಇಡಿ ಹಾಕಿದರೆ ಇಂಡಿಕೇಟರ್ ಮಿನುಗಿಸುವ ಹಳೆ ಫ್ಲಾಷರ್, ಬಲ್ಬ್ ಹೋಗಿದೆ ಎಂದುಕೊಂಡು ಟಕಟಕ ಬಡಿಯುತ್ತದೆ. ಅದಕ್ಕೆ ಹಳೆ ಬಲ್ಬಿನಷ್ಟು ಕರೆಂಟ್ ಎಳೆಯಲಿ ಎಂದು 6 ಓಮ್ ರೆಸಿಸ್ಟರ್ ಹಾಕುವ ರೂಢಿ. ಕಾರಿಗೆ ಅದು 2 ಆಂಪಿಯರ್ ಚಿಲ್ಲರೆ ಎಳೆಯುತ್ತದೆ. ನಮ್ಮ ಹುಡುಗ ಅದನ್ನೇ ಲಾರಿಗೆ ಹಾಕಿಬಿಟ್ಟ, ನಾನು ನೋಡಲಿಲ್ಲ. 28 ವೋಲ್ಟಿಗೆ 6 ಓಮ್ ಅಂದ್ರೆ 4.7 ಆಂಪಿಯರ್, ಅಂದ್ರೆ 130 ವ್ಯಾಟ್ ಬೆಂಕಿ. ಅದೂ ಪ್ಲಾಸ್ಟಿಕ್ ಟೇಲ್ ಲೈಟಿಗೆ ಟೇಪು ಸುತ್ತಿ ಕಟ್ಟಿದ್ದ. ಹಝಾರ್ಡ್ (ಎಲ್ಲ ಇಂಡಿಕೇಟರ್ ಒಟ್ಟಿಗೆ) ಹಾಕಿಕೊಂಡು ಧಾಬಾ ಮುಂದೆ ನಿಂತಾಗ ಹೊಗೆ ಬಂತು. ಡ್ರೈವರ್ ಚುರುಕು, ವೈರ್ ಕಿತ್ತ. ಈಗ ರೆಸಿಸ್ಟರಿನ ಗೋಜೇ ಇಲ್ಲ, ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರ್ ಇಡುತ್ತೇನೆ, 12ರದು ಬೇರೆ, 24ರದು ಬೇರೆ. ಇನ್ನೊಂದು, ಹಳದಿ ಗಾಜಿಗೆ ಹಳದಿ ಎಲ್‌ಇಡಿ, ಕೆಂಪಿಗೆ ಕೆಂಪು. ಬಿಳಿ ಹಾಕಿದರೆ ಬ್ರೇಕ್ ಲೈಟ್ ಗುಲಾಬಿ ಕಾಣುತ್ತದೆ.

ವಾಪಸ್ ಬಂದ 17 ಜೋಡಿಗೆ ದುಡ್ಡು ಕೊಟ್ಟು ಹ್ಯಾಲೊಜೆನ್ ಹಾಕಿಕೊಟ್ಟೆ. ಸೇಲ್ಸ್‌ಮನ್ ಮೊದಲೆರಡು ಸಲ ಫೋನ್ ಎತ್ತಿದ, "ಮುಂದಿನ ವಾರ ಬರ್ತೀನಿ ಅಣ್ಣಾ" ಎಂದ. ಆಮೇಲೆ ನಂಬರ್ ಸ್ವಿಚ್ ಆಫ್. ಬಿಲ್ಲೇ ಇಲ್ಲ, ಯಾರ ಹತ್ತಿರ ಜಗಳ ಮಾಡಲಿ?

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟದ್ದನ್ನು ನಮಗೆ ಬೇಕಾದ ಹಾಗೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಗಾಡಿಗಳ ಮೇಲೆ ಕೇಸು ಹಾಕಲು ಶುರು ಮಾಡಿದರು. ದಂಡ ಗಿರಾಕಿಗೆ, ಬೈಗುಳ ನಮಗೆ.

ಈಗ "ಲೈಟ್ ಮಂಕಾಗ್ಯಾವ, ಎಲ್‌ಇಡಿ ಹಾಕ್ರಿ" ಎಂದು ಬಂದವರಿಗೆ ಮೊದಲು ಇಂಜಿನ್ ಚಾಲೂ ಇಟ್ಟು ಬಲ್ಬ್ ಹೋಲ್ಡರ್ ಹತ್ತಿರ ವೋಲ್ಟೇಜ್ ನೋಡುತ್ತೇನೆ. ಬ್ಯಾಟರಿಯಲ್ಲಿ 13.9, ಹೋಲ್ಡರಿನಲ್ಲಿ 12.1. ಇಂಥ ಗಾಡಿ ವಾರಕ್ಕೆ ಎರಡು ಮೂರು ಸಿಗುತ್ತವೆ. ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಹ್ಯಾಲೊಜೆನ್ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಅರ್ತಿಂಗ್ ಕ್ಲೀನ್ ಮಾಡಿ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್ಚು) ಹಾಕಿ ಬ್ಯಾಟರಿಯಿಂದ ಸೀದಾ ದಪ್ಪ ವೈರ್ ಎಳೆದು ಕೊಟ್ಟರೆ ಗಿರಾಕಿ ಖುಷಿ. ನನಗೂ ಲಾಭ ಅದರಲ್ಲೇ ಜಾಸ್ತಿ.

ಎಲ್‌ಇಡಿ ಬಿಟ್ಟಿಲ್ಲ. ಪಾರ್ಕಿಂಗ್, ಒಳಗಿನ ಲೈಟು, ಟೇಲ್, ವರ್ಕ್ ಲೈಟು ಇಡುತ್ತೇನೆ. ಹೊಸದು ಯಾವುದೇ ಇರಲಿ, ಬಿಲ್ಲಿನ ಮೇಲೆ ಎರಡೇ ಪೀಸು ತರುವುದು. ಒಂದು ಅಂಗಡಿಯಲ್ಲಿ ಬಿಚ್ಚಲು, ಇನ್ನೊಂದು ನನ್ನ ಸ್ವಂತ ಗಾಡಿಗೆ ಒಂದು ತಿಂಗಳು. ಅದು ಬಾಳಿದರೆ ಹತ್ತು ಪೀಸು, ಅದಕ್ಕಿಂತ ಜಾಸ್ತಿ ಒಮ್ಮೆಗೇ ತರುವುದಿಲ್ಲ.

ಉಳಿದ ಎಚ್4 ಬಲ್ಬುಗಳು ಇನ್ನೂ ಬೆಂಚಿನ ಕೆಳಗಿವೆ. ಅರ್ಧ ರೇಟಿಗೆ ಕೊಡು ಎಂದು ಕೇಳಿದವರಿದ್ದಾರೆ, ಕೊಟ್ಟಿಲ್ಲ. ಅಫಜಲಪುರ ಕಡೆ ಅಕ್ಕನ ಹೊಲದಲ್ಲಿ ಎಮ್ಮೆ ಕೊಟ್ಟಿಗೆಗೆ ಹಳೆ ಬ್ಯಾಟರಿ ಇಟ್ಟು ಎರಡು ಹಾಕಿಕೊಟ್ಟಿದ್ದೇನೆ. ಅಲ್ಲಿ ಎದುರಿಗೆ ಬರುವ ಗಾಡಿ ಇಲ್ಲ. ಎಮ್ಮೆ ಮಾತ್ರ ಮೊದಲ ದಿನ ಸ್ವಲ್ಪ ಬೆದರಿತಂತೆ.